ಸ್ಪೋರ್ಟ್ಸ್ ಕಾರಿಗೆ ಆತ್ಮವುಂಟೆ?

ವೇಗದ ಮೋಟಾರುಗಳನ್ನು ಕುರಿತು ಬರೆಯುವವರು ಒಂದು ಮಾತನ್ನು ಮತ್ತೆ ಮತ್ತೆ ಬಳಸುವುದುಂಟು. ಒಂದು ಕಾರನ್ನು ಕುರಿತು, ಎಲ್ಲ ವಿಧದಲ್ಲಿಯೂ ಉತ್ತಮವಾದದ್ದು, ಆದರೆ ಇದಕ್ಕೆ ಆತ್ಮವಿಲ್ಲ ಎನ್ನುತ್ತಾರೆ. ಇನ್ನೊಂದನ್ನು ಕುರಿತು, ಇದರಲ್ಲಿ ನೂರು ಕುಂದುಗಳಿವೆ, ಆದರೂ ಇದಕ್ಕೊಂದು ಆತ್ಮವಿದೆ ಎನ್ನುತ್ತಾರೆ. ಪಶ್ಚಿಮದ ಮೋಟಾರು ಪತ್ರಿಕೆಗಳಲ್ಲಿ ರೂಢಿಯಾದ ಈ ಮಾತು ಈಗ ನಮ್ಮ ಹುಡುಗರ ಬಾಯಲ್ಲೂ ಕೇಳಿಬರುತ್ತಿದೆ. ಮೊನ್ನೆ ನನ್ನ ಪರಿಚಯದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ, ವಿದ್ಯುತ್ತಿನಿಂದ ಓಡುವ ಹೊಸ ಕಾರುಗಳ ಪ್ರಸ್ತಾಪ ಬಂದಾಗ, "ಎಲ್ಲ ಸರಿ ಸಾರ್, ಆದರೆ ಅದಕ್ಕೆ ಆತ್ಮ ಇಲ್ಲ" ಎಂದ. "ಕಾರಿನ ಆತ್ಮ ಎಂದರೆ ಏನಪ್ಪ?" ಎಂದು ಕೇಳಿದೆ. ತುಸು ಯೋಚಿಸಿ "ಎಂಜಿನ್ನಿನ ಶಬ್ದ" ಎಂದ. ಇನ್ನಷ್ಟು ಯೋಚಿಸಿ, "ಬರಿಯ ಶಬ್ದವಲ್ಲ ಸಾರ್, ಅದನ್ನು ಹೇಳುವುದಕ್ಕೆ ಬರುವುದಿಲ್ಲ" ಎಂದ. ನನಗೆ ನಗು ಬಂದಿತು. ಆದರೆ ಹೇಳುವುದಕ್ಕೆ ಬಾರದು ಎಂಬ ಉತ್ತರವನ್ನೇ ಆತ್ಮದ ವಿಚಾರದಲ್ಲಿ ನಮ್ಮ ಹಿರಿಯರೂ ಕೊಟ್ಟಿದ್ದಾರೆಂಬುದು ನೆನಪಾಗಿ ಸುಮ್ಮನಾದೆ.

ಆ ಹುಡುಗನ ಮಾತನ್ನು ತಳ್ಳಿಹಾಕುವುದು ಸುಲಭ. ಉಕ್ಕು, ಅಲ್ಯೂಮಿನಿಯಂ, ರಬ್ಬರು, ಪೆಟ್ರೋಲು ಇವುಗಳ ಕೂಟಕ್ಕೆ ಆತ್ಮವೆಲ್ಲಿಂದ ಬರಬೇಕು ಎಂದು ಕೇಳಿ ಮಾತು ಮುಗಿಸಬಹುದು. ಹಾಗೆ ಮುಗಿಸಿದರೆ ತರ್ಕ ಗೆದ್ದಂತಾಗುತ್ತದೆ. ವಿಷಯ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಯಂತ್ರದ ಒಂದೊಂದು ಭಾಗವನ್ನೂ ಬಿಚ್ಚಿ ಜೋಡಿಸಬಲ್ಲ ನುರಿತವರೂ ಸೇರಿದಂತೆ ಬಹುಮಂದಿ ತಮ್ಮ ಒಂದು ಅನುಭವಕ್ಕೆ ಒಂದೇ ಹೆಸರನ್ನು ಕೊಡುತ್ತಿರುವಾಗ, ಆ ಹೆಸರು ತಪ್ಪಾಗಿರಬಹುದು, ಅನುಭವ ಸುಳ್ಳಾಗಿರಲಾರದು. ಆದ್ದರಿಂದ ಅವರು ಆ ಹೆಸರಿನಿಂದ ಏನನ್ನು ಕರೆಯುತ್ತಿದ್ದಾರೆ, ಹಾಗೆ ಕರೆಯುವುದರಿಂದ ಲಾಭವೇನು, ಹಾನಿಯೇನು ಎಂದು ವಿಚಾರಿಸುವುದು ವ್ಯರ್ಥವಲ್ಲವೆಂದು ತೋರುತ್ತದೆ.

ಆತ್ಮವನ್ನೂ ವಾಹನವನ್ನೂ ಒಟ್ಟಿಗೆ ನಿಲ್ಲಿಸಿ ಯೋಚಿಸುವುದು ನಮ್ಮ ನಾಡಿಗೆ ಹೊಸತಲ್ಲ. ಕಠೋಪನಿಷತ್ತಿನಲ್ಲಿ ದೇಹವೇ ರಥ, ಬುದ್ಧಿಯೇ ಸಾರಥಿ, ಮನಸ್ಸೇ ಲಗಾಮು, ಇಂದ್ರಿಯಗಳೇ ಕುದುರೆಗಳು. ಆತ್ಮವು ಆ ರಥದಲ್ಲಿ ಕುಳಿತ ಒಡೆಯ. ಅಲ್ಲಿ ಆತ್ಮ ರಥದಲ್ಲಿದೆ, ಆದರೆ ರಥದ್ದಲ್ಲ. ಬೌದ್ಧರ 'ಮಿಲಿಂದ ಪಞ್ಹ'ದಲ್ಲಿ ಇನ್ನೊಂದು ರಥ ಬರುತ್ತದೆ. ಯವನರಾಜ ಮಿಲಿಂದನು ರಥವೇರಿ ಭಿಕ್ಷು ನಾಗಸೇನನ ಬಳಿಗೆ ಬರುತ್ತಾನೆ. ನಾಗಸೇನ ಅವನನ್ನು ಕೇಳುತ್ತಾನೆ: ಮೂಕಿಯೇ ರಥವೊ? ಅಚ್ಚೇ ರಥವೊ? ಗಾಲಿಗಳೇ ರಥವೊ? ಒಂದೂ ಅಲ್ಲವೆಂದು ರಾಜನೇ ಒಪ್ಪಿಕೊಳ್ಳಬೇಕಾಗುತ್ತದೆ. ಇವೆಲ್ಲವೂ ಒಂದು ಬಗೆಯಲ್ಲಿ ಕೂಡಿದಾಗ ರಥವೆಂಬ ಹೆಸರು ಬಂದಿತೇ ಹೊರತು, ಆ ಹೆಸರಿನ ಬೇರೊಂದು ವಸ್ತು ಒಳಗೆಲ್ಲಿಯೂ ಅಡಗಿಲ್ಲ. ಮನುಷ್ಯನ ವಿಚಾರವೂ ಹೀಗೆಯೇ ಎಂಬುದು ಭಿಕ್ಷುವಿನ ಅಭಿಪ್ರಾಯ. ಒಬ್ಬರು ಆತ್ಮವನ್ನು ಒಪ್ಪಿದರು, ಇನ್ನೊಬ್ಬರು ಒಪ್ಪಲಿಲ್ಲ. ಆದರೆ ಇಬ್ಬರಲ್ಲಿ ಯಾರೂ ರಥಕ್ಕೆ ಆತ್ಮವನ್ನು ಕೊಡಲಿಲ್ಲ.

ಇಷ್ಟನ್ನೇ ಪ್ರಮಾಣವಾಗಿ ಹಿಡಿದರೆ ನಮ್ಮ ಪ್ರಶ್ನೆ ಇಲ್ಲಿಗೇ ಮುಗಿಯಬೇಕು. ಮುಗಿಯದಿರುವುದಕ್ಕೆ ಕಾರಣ ಭಾಷೆಯಲ್ಲಿದೆ. ಇಂಗ್ಲಿಷಿನಲ್ಲಿ ಒಂದೇ ಶಬ್ದ ಹೊರುವ ಭಾರವನ್ನು ಕನ್ನಡದಲ್ಲಿ ಹಲವು ಶಬ್ದಗಳು ಹಂಚಿಕೊಂಡಿವೆ: ಆತ್ಮ, ಜೀವ, ಪ್ರಾಣ, ಚೈತನ್ಯ, ಕಳೆ. "ಹಾಡಿನಲ್ಲಿ ಜೀವವಿಲ್ಲ" ಎಂದರೆ ನಾವು ವೇದಾಂತದ ಮಾತನ್ನಾಡುತ್ತಿಲ್ಲ. "ಮುಖದಲ್ಲಿ ಕಳೆಯಿದೆ" ಎಂದಾಗಲೂ ಅಷ್ಟೆ. ಕಾರಿಗೆ ಆತ್ಮವಿದೆ ಎನ್ನುವವರು ಈ ಹಲವು ಅರ್ಥಗಳಲ್ಲಿ ಯಾವುದನ್ನು ಹೇಳುತ್ತಿದ್ದಾರೆ ಎಂಬುದನ್ನು ಕೆಲವು ಕಾರುಗಳನ್ನೇ ಮುಂದಿಟ್ಟುಕೊಂಡು ನೋಡೋಣ.

ಮೊದಲನೆಯದು ಜರ್ಮನಿಯ ಪೋರ್ಷೆ 911. ಇದು 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ 901 ಎಂಬ ಹೆಸರಿನಿಂದ ಬಂದಿತು. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳ ಮೇಲೆ ಫ್ರಾನ್ಸಿನ ಪ್ಯೂಜೋ ಕಂಪನಿಯು ತನ್ನ ಹಕ್ಕನ್ನು ಹೇಳಿದ್ದರಿಂದ 911 ಆಯಿತು. ಇದರ ಎಂಜಿನ್ನು ಹಿಂದಿನ ಅಚ್ಚಿಗಿಂತಲೂ ಹಿಂದೆ, ಬಾಲದಲ್ಲಿ ತೂಗುತ್ತದೆ. ತಿರುವಿನಲ್ಲಿ ವೇಗವಾಗಿ ಹೋಗುತ್ತಿರುವಾಗ ಹೆದರಿ ಆಕ್ಸಿಲರೇಟರಿನಿಂದ ಕಾಲನ್ನು ತಟಕ್ಕನೆ ಎತ್ತಿದರೆ ಹಿಂಭಾಗ ಹೊರಕ್ಕೆ ಜಾರಿ, ಕಾರು ಸುತ್ತಿಬಿಡುವ ಸಂಭವ ಮೊದಲ ಕಾರುಗಳಲ್ಲಿ ಹೆಚ್ಚಾಗಿತ್ತು. 1968ರಲ್ಲಿ ಗಾಲಿಗಳ ನಡುವಣ ಅಂತರವನ್ನು 57 ಮಿಲಿಮೀಟರಿನಷ್ಟು ಹೆಚ್ಚಿಸಿ ಅದನ್ನು ಸ್ವಲ್ಪ ಪಳಗಿಸಿದರು. ಎಂಜಿನ್ನಿನ ಸ್ಥಾನವನ್ನು ಬದಲಿಸಲಿಲ್ಲ; ಇಂದಿಗೂ ಬದಲಿಸಿಲ್ಲ. ಶಾಸ್ತ್ರದ ದೃಷ್ಟಿಯಿಂದ ಇದು ದೋಷ. ಆದರೆ ಪ್ರಿಯರು ಆತ್ಮವೆಂದು ಕರೆಯುವುದು ಬಹುಮಟ್ಟಿಗೆ ಈ ದೋಷವನ್ನೇ. ಅದರೊಡನೆ ಹೊಂದಿಕೊಳ್ಳಲು ಕಲಿತವನಿಗೆ ಕಾರು ಒಬ್ಬ ವ್ಯಕ್ತಿಯಂತೆ ತೋರುತ್ತದೆ. ನಾವು ಮನುಷ್ಯರನ್ನು ಗುರುತಿಸುವುದೂ ಹೀಗೆಯೇ ಅಲ್ಲವೆ? ದೋಷವೇ ಇಲ್ಲದವನನ್ನು ಗೌರವಿಸುತ್ತೇವೆ. ಅವನ ಸ್ವಭಾವವೇನೆಂದು ಕೇಳಿದರೆ ಹೇಳಲು ತಡವರಿಸುತ್ತೇವೆ. 1998ರ ಹೊತ್ತಿಗೆ 911ರಲ್ಲಿ ಗಾಳಿಯಿಂದ ತಣಿಯುವ ಎಂಜಿನ್ನು ಹೋಗಿ ನೀರಿನಿಂದ ತಣಿಯುವುದು ಬಂದಿತು. ಆಗ ಹಳೆಯ ಅಭಿಮಾನಿಗಳು ಆತ್ಮ ಹೊರಟುಹೋಯಿತೆಂದು ಗೋಳಾಡಿದರು. ಕಾರು ಮಾತ್ರ ಇನ್ನೂ ತಯಾರಾಗುತ್ತಿದೆ. ನೀರಿನ ಎಂಜಿನ್ನಿನ 911ರಲ್ಲಿಯೂ ಆತ್ಮವನ್ನು ಕಾಣುವ ಹೊಸ ಪೀಳಿಗೆಯೊಂದು ಬಂದಿದೆ. ಹೀಗೆ ಒಬ್ಬರಿಗೆ ಹೋದದ್ದು ಇನ್ನೊಬ್ಬರಿಗೆ ಇದೆಯೆಂದಾದರೆ, ಅದನ್ನು ಸ್ವಭಾವವೆನ್ನಬಹುದು, ಅಭ್ಯಾಸವೆನ್ನಬಹುದು, ಆತ್ಮವೆನ್ನುವುದು ಕಷ್ಟ.

ಎರಡನೆಯದು ಇಟಲಿಯ ಫೆರಾರಿ. ಮೊದನಾದಲ್ಲಿ ಹುಟ್ಟಿದ ಎಂಜೊ ಫೆರಾರಿ ತನ್ನ ಹೆಸರಿನ ಮೊದಲ ಕಾರನ್ನು ಹೊರತಂದದ್ದು 1947ರಲ್ಲಿ. ಜೊವಾಕ್ಕಿನೊ ಕೊಲೊಂಬೊ ಎಂಬ ಎಂಜಿನಿಯರು ಅದಕ್ಕೆ ಒಂದೂವರೆ ಲೀಟರಿನ ಪುಟ್ಟ ಎಂಜಿನ್ನಿನಲ್ಲಿ ಹನ್ನೆರಡು ಸಿಲಿಂಡರುಗಳನ್ನು ಕೂಡಿಸಿದ್ದನು. ಇಲ್ಲಿ ಆತ್ಮವೆನ್ನುವವರು ಯಂತ್ರದ ನಡತೆಗಿಂತ ಹೆಚ್ಚಾಗಿ ಅದನ್ನು ಮಾಡಿದವನ ಬಾಳನ್ನು ನೆನೆಯುತ್ತಾರೆ. ಫೆರಾರಿಯ ಲಾಂಛನವಾದ ಕುಣಿಯುವ ಕುದುರೆ, 1918ರಲ್ಲಿ ಯುದ್ಧದಲ್ಲಿ ಮಡಿದ ಫ್ರಾಂಚೆಸ್ಕೊ ಬರಾಕ್ಕ ಎಂಬ ವೈಮಾನಿಕನ ವಿಮಾನದ ಮೇಲಿದ್ದ ಗುರುತು. ಆ ವೀರನ ತಾಯಿಯೇ ಅದನ್ನು ಇಟ್ಟುಕೊಳ್ಳುವಂತೆ ಸೂಚಿಸಿದಳೆಂದು ಫೆರಾರಿ ಹೇಳಿಕೊಂಡಿದ್ದಾನೆ. ಅವನ ಮಗ ಅಲ್‌ಫ್ರೇದೊ, ಮನೆಯವರು ಕರೆಯುತ್ತಿದ್ದಂತೆ ದೀನೊ, ಸ್ನಾಯುಗಳು ಕ್ಷಯಿಸುವ ರೋಗದಿಂದ 1956ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡನು. ಮುಂದೆ ಆರು ಸಿಲಿಂಡರಿನ ಎಂಜಿನ್ನುಗಳಿಗೂ, ಆಮೇಲೆ ಒಂದು ಚಿಕ್ಕ ಕಾರಿಗೂ ಆ ಹುಡುಗನ ಹೆಸರು ಬಂದಿತು. ಆ ಕಾರಿನ ಮೇಲೆ ತಂದೆಯ ಹೆಸರಿರಲಿಲ್ಲ, ಮಗನ ಹೆಸರೊಂದೇ ಇತ್ತು. ಮಡಿದ ಇಬ್ಬರು ಮಕ್ಕಳ ನೆನಪನ್ನು ಹೊತ್ತ ಕಾರನ್ನು ಬರಿಯ ಲೋಹವೆನ್ನಲು ನಾಲಿಗೆ ಏಳುವುದಿಲ್ಲ. ಆದರೆ ಅದು ಕಾರಿನ ಆತ್ಮವಲ್ಲ, ಮನುಷ್ಯನೊಬ್ಬನ ದುಃಖ. ವೀರಗಲ್ಲಿನಲ್ಲಿ ವೀರನ ಪ್ರಾಣವಿಲ್ಲ. ಆದರೂ ನಾವು ಅದನ್ನು ಕಂಡೊಡನೆ ತಲೆಬಾಗುತ್ತೇವೆ. ಅಂಥ ಗೌರವ ಇದಕ್ಕೂ ಸಲ್ಲಬೇಕು, ಅದಕ್ಕಿಂತ ಹೆಚ್ಚಿನದಲ್ಲ.

ಮೂರನೆಯದು, ನನ್ನ ಮಿತ್ರನಾದ ಆ ವಿದ್ಯಾರ್ಥಿ ಹೇಳಿದ ಶಬ್ದ. ಇದರ ಪರೀಕ್ಷೆ ನಮ್ಮ ಕಾಲದಲ್ಲಿಯೇ ನಡೆದುಹೋಗಿದೆ. 2011ರಲ್ಲಿ ಬಿ.ಎಂ.ಡಬ್ಲ್ಯು. ಕಂಪನಿಯವರು ತಮ್ಮ ಎಂ5 ಎಂಬ ವೇಗದ ಕಾರನ್ನು ಹೊಸದಾಗಿ ಹೊರತಂದಾಗ, ಒಳಗೆ ಕುಳಿತವನಿಗೆ ಎಂಜಿನ್ನಿನ ಧ್ವನಿ ಸಾಲದೆಂದು ಅದನ್ನು ಧ್ವನಿವರ್ಧಕಗಳ ಮೂಲಕ ಕೇಳಿಸುವ ಏರ್ಪಾಡು ಮಾಡಿದರು. 2023ರಲ್ಲಿ ಹುಂಡೈ ಕಂಪನಿಯವರು ಐಯಾನಿಕ್ 5 ಎನ್ ಎಂಬ ವಿದ್ಯುತ್ ಕಾರನ್ನು ತೋರಿಸಿದರು. ಅದರಲ್ಲಿ ಗೇರುಗಳಿಲ್ಲ, ಎಂಟು ಗೇರುಗಳಿರುವಂತೆ ನಟಿಸುವ ವ್ಯವಸ್ಥೆಯಿದೆ. ಸಿಲಿಂಡರುಗಳಿಲ್ಲ, ಗರ್ಜಿಸುವ ಧ್ವನಿಯಿದೆ. ಗೇರು ಬದಲಾದಂತೆ ಒಂದು ಜಗ್ಗನ್ನೂ ಕೊಡುತ್ತದೆ. ನಡೆಸಿ ನೋಡಿದ ಎಷ್ಟೋ ಮಂದಿ ಇದನ್ನು ಮೆಚ್ಚಿದ್ದಾರೆ. ಶಬ್ದವೇ ಆತ್ಮವಾಗಿದ್ದರೆ, ಅದನ್ನು ಧ್ವನಿಮುದ್ರಿಸಿ ಗುಂಡಿಯೊತ್ತಿ ಬರಿಸಬಹುದು, ಬೇಡವಾದಾಗ ಗುಂಡಿಯೊತ್ತಿ ಕಳುಹಿಸಬಹುದು ಎಂದಾಯಿತು. ಹಾಗೆ ಬಂದುಹೋಗುವುದನ್ನು ಆತ್ಮವೆಂದು ಕರೆಯಲು ಆ ಕಾರನ್ನು ಮೆಚ್ಚಿದವರೂ ಒಪ್ಪಲಾರರು. ಹುಡುಗ ತಾನಾಗಿಯೇ "ಬರಿಯ ಶಬ್ದವಲ್ಲ" ಎಂದು ತಿದ್ದಿಕೊಂಡದ್ದು ಸರಿಯಾಗಿಯೇ ಇತ್ತು.

ಹಾಗಾದರೆ ಉಳಿದದ್ದೇನು? ಇಲ್ಲಿ ಸಂಗೀತದ ಒಂದು ಸಂಗತಿ ನಮಗೆ ನೆರವಾಗುತ್ತದೆ. ಪಿಟೀಲಿನ ಹೊಟ್ಟೆಯೊಳಗೆ, ತಂತಿಗಳನ್ನು ಹೊತ್ತ ಕುದುರೆಯ ಒಂದು ಕಾಲಿನ ಬಳಿ, ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಒಂದು ಸಣ್ಣ ಮರದ ಕಡ್ಡಿ ನಿಂತಿರುತ್ತದೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ; ಎರಡು ಹಲಗೆಗಳ ಒತ್ತಡದಿಂದಲೇ ನಿಲ್ಲುತ್ತದೆ. ಮೇಲಿನ ಹಲಗೆಯ ಕಂಪನವನ್ನು ಕೆಳಗಿನ ಹಲಗೆಗೆ ಮುಟ್ಟಿಸುವುದು ಅದರ ಕೆಲಸ. ಅದನ್ನು ತೆಗೆದರೆ ವಾದ್ಯದ ನಾದ ಬಡವಾಗುತ್ತದೆ. ಕೂದಲೆಳೆಯಷ್ಟು ಸರಿಸಿದರೂ ನಾದ ಬದಲಾಗುತ್ತದೆ. ಆ ಕಡ್ಡಿಯನ್ನು ಇಟಲಿಯವರು 'ಆನಿಮ' ಎಂದು ಕರೆಯುತ್ತಾರೆ. ಆನಿಮ ಎಂದರೆ ಅವರ ಭಾಷೆಯಲ್ಲಿ ಆತ್ಮ. ಫ್ರೆಂಚರೂ ಅದನ್ನು ತಮ್ಮ ಭಾಷೆಯಲ್ಲಿ ಆತ್ಮವೆಂದೇ ಕರೆಯುತ್ತಾರೆ. ಪಿಟೀಲಿನ ತವರಾದ ಕ್ರೆಮೋನವೂ ಫೆರಾರಿಯ ಊರಾದ ಮೊದನಾವೂ ಪೋ ನದಿಯ ಒಂದೇ ಬಯಲಿನಲ್ಲಿವೆ. ಅಷ್ಟು ದೂರವೇಕೆ? ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ನೂಲಿನೆಳೆಗೆ ನಮ್ಮ ಸಂಗೀತಗಾರರು 'ಜೀವ' ಎನ್ನುತ್ತಾರೆ. ಆ ನೂಲು ತಕ್ಕ ಎಡೆಯಲ್ಲಿ ಕುಳಿತಾಗ ಶ್ರುತಿ ಅರಳುತ್ತದೆ.

ಎರಡು ನಾಡಿನ ಕುಶಲಿಗಳು, ಒಬ್ಬರನ್ನೊಬ್ಬರು ಕೇಳದೆ, ವಾದ್ಯದಲ್ಲಿ ಜೀವವೆಂದು ಕರೆದದ್ದು ಕುಸುರಿ ಕೆತ್ತನೆಯನ್ನಲ್ಲ, ಬೆಲೆಬಾಳುವ ಮರವನ್ನೂ ಅಲ್ಲ. ಒಂದೆಡೆಯ ಕಂಪನವನ್ನು ಇನ್ನೊಂದೆಡೆಗೆ ಕೆಡದಂತೆ ಮುಟ್ಟಿಸುವ ಒಂದು ಕಡ್ಡಿಯನ್ನು, ಒಂದು ನೂಲನ್ನು. ಕಾರಿನಲ್ಲಿಯೂ ಹುಡುಕಬೇಕಾದದ್ದು ಇಂಥದ್ದನ್ನೇ ಎಂದು ನನ್ನ ಅಭಿಪ್ರಾಯ.

ಇದಕ್ಕೆ ಜಪಾನಿನ ಒಂದು ಕಾರು ಒಳ್ಳೆಯ ನಿದರ್ಶನ. ಮಾಜ್ದಾ ಕಂಪನಿಯವರು 1989ರಲ್ಲಿ ಎಂಎಕ್ಸ್-5 ಎಂಬ ಇಬ್ಬರು ಕೂರುವ ಚಿಕ್ಕ ಕಾರನ್ನು ತಂದರು. ಅದರ ಶಕ್ತಿ ಸುಮಾರು 115 ಅಶ್ವಶಕ್ತಿ; ಫೆರಾರಿಯ ಮುಂದೆ ಏನೂ ಅಲ್ಲ. ತೂಕವೂ ಕಡಿಮೆ. ಅದನ್ನು ರೂಪಿಸಿದವರು ಗುರಿಯಾಗಿಟ್ಟುಕೊಂಡದ್ದು 'ಜಿನ್‌ಬಾ ಇತ್ತಾಯ್' ಎಂಬ ಜಪಾನಿ ಮಾತನ್ನು: ಸವಾರನೂ ಕುದುರೆಯೂ ಒಂದೇ ದೇಹವಾಗುವುದು. ಕುದುರೆಯ ಮೇಲೆ ಕುಳಿತು ಓಡುತ್ತ ಬಾಣ ಬಿಡುವವನು ಲಗಾಮನ್ನು ಬಿಡಲೇಬೇಕು. ಕುದುರೆ ಅವನ ಮೈಯನ್ನೇ ಅರಿತು ನಡೆಯಬೇಕು. ಈ ಭಾವವನ್ನು ತರುವುದಕ್ಕಾಗಿ ಎಂಜಿನಿಯರುಗಳು ಮಂತ್ರ ಹಾಕಲಿಲ್ಲ. ಮುಂದಿನ ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲ್ಲನ್ನೂ ಒಂದು ಲೋಹದ ತೊಲೆಯಿಂದ ಬಿಗಿಯಾಗಿ ಕೂಡಿಸಿದರು. ಅದರಿಂದ, ಕಾಲು ಒತ್ತಿದ ಕ್ಷಣಕ್ಕೂ ಗಾಲಿ ತಳ್ಳಿದ ಕ್ಷಣಕ್ಕೂ ನಡುವೆ ಇರುವ ಜೋಲು ತಪ್ಪಿತು. ಹೊರಗಿನಿಂದ ನೋಡುವವರ ಕಣ್ಣಿಗೆ ಆ ತೊಲೆ ಬೀಳುವುದಿಲ್ಲ. ನಡೆಸುವವನ ಮೈಗೆ ತಿಳಿಯುತ್ತದೆ. ಅದು ಪಿಟೀಲಿನ ಕಡ್ಡಿಯೇ ಸರಿ. 2016ರಲ್ಲಿ ಈ ಜಾತಿಯ ಹತ್ತು ಲಕ್ಷದ ಕಾರು ತಯಾರಾಯಿತೆಂದರೆ, ಆತ್ಮವೆಂದು ಜನ ಹೇಳುವುದನ್ನು ಪಡೆಯಲು ಕೋಟ್ಯಧಿಪತಿಯಾಗಬೇಕಾಗಿಲ್ಲ, ವೇಗದ ದಾಖಲೆ ಮುರಿಯಬೇಕಾಗಿಯೂ ಇಲ್ಲ ಎಂದಾಯಿತು.

ಆದುದರಿಂದ ನನ್ನ ತೀರ್ಮಾನ ಇಷ್ಟು: ಆತ್ಮವೆಂಬ ಶಬ್ದವನ್ನು ಉಪನಿಷತ್ತಿನ ಅರ್ಥದಲ್ಲಿ ಹಿಡಿದರೆ ಕಾರಿಗೆ ಆತ್ಮವಿಲ್ಲ. ತಂಬೂರಿಯ ನೂಲಿನ ಅರ್ಥದಲ್ಲಿ ಹಿಡಿದರೆ, ಕೆಲವು ಕಾರುಗಳಲ್ಲಿ ಜೀವವುಂಟು. ಅದು ಕಾರಿನೊಳಗೆ ಕುಳಿತಿರುವ ವಸ್ತುವಲ್ಲ. ರಸ್ತೆಗೂ ಗಾಲಿಗೂ, ಗಾಲಿಗೂ ಕೈಗೂ, ಕೈಗೂ ಮನಸ್ಸಿಗೂ ನಡುವೆ ಕೆಡದೆ ಸಾಗಿಬರುವ ವಾರ್ತೆ. ಆ ವಾರ್ತೆ ಹಾಗೆ ಸಾಗಿಬರುವಂತೆ ಯಾರೋ ಒಬ್ಬರು ತಿಂಗಳುಗಟ್ಟಲೆ ಗಮನವಿಟ್ಟು ಕೆಲಸ ಮಾಡಿದ್ದಾರೆ. ಆ ಗಮನವೇ ನಮ್ಮ ಕೈಗೆ ತಗಲುತ್ತದೆ. ವಿದ್ಯುತ್ತಿನ ಕಾರಿನಲ್ಲಿ ಇದು ಸಾಧ್ಯವಿಲ್ಲವೆಂದು ಹೇಳಲು ಕಾರಣವಿಲ್ಲ. ಗರ್ಜನೆಯನ್ನು ಅನುಕರಿಸುವುದನ್ನು ಬಿಟ್ಟು ತನ್ನದೇ ಆದ ನೂಲನ್ನು ಅದು ಕಂಡುಕೊಳ್ಳಬೇಕು, ಅಷ್ಟೆ.

ಇಷ್ಟಕ್ಕೇ ನಿಲ್ಲಿಸಿದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಆದರೆ ಈ ಮಾತಿನಲ್ಲಿ ಒಂದು ಅಪಾಯವೂ ಇದೆ. ಅದನ್ನು ಹೇಳದಿದ್ದರೆ ವಿಚಾರ ಅರ್ಧವಾದಂತೆ. ಮೋಟಾರು ಕಾರನ್ನು ಸಾಹಿತ್ಯದಲ್ಲಿ ದೈವಪದವಿಗೆ ಏರಿಸಿದವನು ಇಟಲಿಯ ಕವಿ ಮರಿನೆತ್ತಿ. 1909ರ ಫೆಬ್ರವರಿಯಲ್ಲಿ ಪ್ಯಾರಿಸಿನ 'ಲ ಫಿಗಾರೊ' ಪತ್ರಿಕೆಯಲ್ಲಿ ಅವನ ಭವಿಷ್ಯವಾದದ ಘೋಷಣೆ ಅಚ್ಚಾಯಿತು. ಗ್ರೀಕರ ಪ್ರಸಿದ್ಧ ವಿಜಯದೇವತೆಯ ವಿಗ್ರಹಕ್ಕಿಂತ ಗರ್ಜಿಸುವ ಓಟದ ಕಾರೇ ಸುಂದರವೆಂದು ಅದು ಸಾರಿತು. ಎದುರಿಗೆ ಬಂದ ಇಬ್ಬರು ಸೈಕಲ್ ಸವಾರರಿಂದಾಗಿ ತನ್ನ ಕಾರು ಹಳ್ಳಕ್ಕೆ ಉರುಳಿದುದನ್ನೂ, ತಾನು ಕೆಸರಿನಿಂದ ಹೊಸ ಮನುಷ್ಯನಾಗಿ ಎದ್ದುದನ್ನೂ ಕವಿ ಅಲ್ಲಿ ಸಂಭ್ರಮದಿಂದ ವರ್ಣಿಸಿದ್ದಾನೆ. ಆ ಸೈಕಲ್ ಸವಾರರು ಅವನಿಗೆ ಅಡ್ಡಿ ಮಾತ್ರ. ಅದೇ ಘೋಷಣೆ ಯುದ್ಧವನ್ನೂ ಹೊಗಳಿತು. ಅವನು ಮುಂದೆ ಫ್ಯಾಸಿಸ್ಟರ ಜೊತೆಗೂಡಿದನು. ಯಂತ್ರಕ್ಕೆ ಆತ್ಮವನ್ನು ಧಾರೆಯೆರೆದವನ ಕೈಯಲ್ಲಿ ಮನುಷ್ಯನಿಗೆ ಕೊಡಲು ಹೆಚ್ಚೇನೂ ಉಳಿದಿರಲಿಲ್ಲ.

ಇದು ಕವಿಯೊಬ್ಬನ ಅತಿರೇಕವೆಂದು ಬಿಡಬಹುದಿತ್ತು. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ಸ್‌ನಲ್ಲಿ, ಇಪ್ಪತ್ತನಾಲ್ಕು ಗಂಟೆಗಳ ಓಟದ ನಡುವೆ, ಒಂದು ಮರ್ಸಿಡಿಸ್ ಕಾರು ಹಾರಿ ಪ್ರೇಕ್ಷಕರ ಮೇಲೆ ಬಿದ್ದು ಎಂಬತ್ತಕ್ಕಿಂತ ಹೆಚ್ಚು ಮಂದಿ ಸತ್ತರು. ಓಟ ನಿಲ್ಲಲಿಲ್ಲ. 1957ರ ಮೇ 12ರಂದು ಬ್ರೆಷಿಯದಿಂದ ರೋಮಿಗೆ ಹೋಗಿ ಹಿಂದಿರುಗುವ 'ಮಿಲ್ಲೆ ಮಿಲ್ಯ' ಎಂಬ ಸಾವಿರ ಮೈಲಿಯ ಓಟದಲ್ಲಿ, ಗುವಿದಿತ್ಸೊಲೊ ಎಂಬ ಊರಿನ ಬಳಿ, ಫೆರಾರಿ ಕಾರೊಂದರ ಟೈರು ಸಿಡಿಯಿತು. ನಡೆಸುತ್ತಿದ್ದ ಅಲ್ಫೊನ್ಸೊ ದ ಪೋರ್ತಾಗೊ, ಜೊತೆಗಿದ್ದ ಎಡ್ಮಂಡ್ ನೆಲ್ಸನ್, ರಸ್ತೆಯ ಅಂಚಿನಲ್ಲಿ ನಿಂತು ನೋಡುತ್ತಿದ್ದ ಒಂಬತ್ತು ಮಂದಿ ಸತ್ತರು. ಆ ಒಂಬತ್ತು ಮಂದಿಯಲ್ಲಿ ಐವರು ಮಕ್ಕಳು. ರಸ್ತೆಯಲ್ಲಿ ನಡೆಯುತ್ತಿದ್ದ ಆ ವೇಗದ ಓಟ ಅಲ್ಲಿಗೆ ಕೊನೆಗೊಂಡಿತು. ಎಂಜೊ ಫೆರಾರಿಯ ಮೇಲೆ ಮೊಕದ್ದಮೆ ನಡೆದು, 1961ರಲ್ಲಿ ಅವನು ನಿರ್ದೋಷಿಯೆಂದು ತೀರ್ಪಾಯಿತು. ತನ್ನ ಮಗನನ್ನು ಕಳೆದುಕೊಂಡು ವರ್ಷ ತುಂಬದ ತಂದೆ ಆತ. ಅವನ ದುಃಖವನ್ನು ನಾವು ಕಾರಿನ ಆತ್ಮವೆಂದು ಕೊಂಡಾಡುತ್ತೇವೆ. ಆ ಐದು ಮಕ್ಕಳ ತಂದೆತಾಯಿಗಳ ದುಃಖವನ್ನು ಯಾವ ಕಾರಿನ ಹೆಸರಿನಲ್ಲಿ ನೆನೆಯಬೇಕು?

ಫೆರಾರಿಯನ್ನು ಕಟಕಟೆಗೆ ಮತ್ತೆ ಏರಿಸುವುದು ನನ್ನ ಉದ್ದೇಶವಲ್ಲ. ನ್ಯಾಯಾಲಯ ಹೇಳಿದ ಮೇಲೆ ಅದು ಮುಗಿಯಿತು. ನಾನು ಹೇಳುವುದು ನಮ್ಮ ಮಾತಿನ ವಿಚಾರ. ಯಂತ್ರದ ಜೀವವನ್ನು ಕೈಯಲ್ಲಿ ಅನುಭವಿಸುತ್ತಿರುವವನಿಗೆ ಲೋಕವೆಲ್ಲ ಆ ಎರಡು ಸೀಟುಗಳ ಒಳಕ್ಕೆ ಕುಗ್ಗಿಬಿಡುತ್ತದೆ. ರಸ್ತೆಯೆಂದರೆ ತಿರುವು, ತಿರುವೆಂದರೆ ಆನಂದ; ತಿರುವಿನಾಚೆ ಸೈಕಲ್ಲಿನಲ್ಲಿ ಬರುತ್ತಿರುವವನು ಲೆಕ್ಕಕ್ಕೆ ಬರುವುದಿಲ್ಲ. ರಾತ್ರಿಯ ಹೊತ್ತು ನಮ್ಮ ಊರುಗಳ ಹೆದ್ದಾರಿಗಳಲ್ಲಿ ಈ ಮರೆವಿನ ಫಲವನ್ನು ಕಾಣದವರು ಯಾರಿದ್ದಾರೆ? ಯೂರೋಪಿನಲ್ಲಿ 2019ರಿಂದ ಒಂದು ನಿಯಮ ಬಂದಿದೆ: ಹೊಸ ಬಗೆಯ ವಿದ್ಯುತ್ ಕಾರುಗಳು ಗಂಟೆಗೆ 20 ಕಿಲೋಮೀಟರಿನವರೆಗೆ ಸಾಗುವಾಗ ಏನಾದರೊಂದು ಶಬ್ದ ಮಾಡಲೇಬೇಕು; ಕಣ್ಣು ಕಾಣದವರಿಗೂ ಕಾಲ್ನಡಿಗೆಯವರಿಗೂ ಕಾರು ಬರುತ್ತಿರುವುದು ತಿಳಿಯಬೇಕು. ಅದೂ ಕೃತಕ ಶಬ್ದವೇ. ಆದರೆ ಅದು ಕಾರಿನೊಳಗೆ ಕುಳಿತವನ ಹರ್ಷಕ್ಕಾಗಿ ಹುಟ್ಟಿದ್ದಲ್ಲ. ಹೊರಗೆ ನಡೆಯುತ್ತಿರುವವನ ಪ್ರಾಣಕ್ಕಾಗಿ ಹುಟ್ಟಿದ್ದು. ಯಾವ ಶಬ್ದದಲ್ಲಿ ಹೆಚ್ಚು ಆತ್ಮವಿದೆಯೆಂದು ಕೇಳಿದರೆ, ನಾನು ಈ ಮೆಲುದನಿಯ ಕಡೆಗೇ ಕೈ ತೋರಿಸುತ್ತೇನೆ.

ನಮ್ಮಲ್ಲಿ ಮಹಾನವಮಿಯ ಆಯುಧಪೂಜೆಯ ದಿನ ವಾಹನಗಳನ್ನು ತೊಳೆದು, ಕುಂಕುಮವಿಟ್ಟು, ಸೇವಂತಿಗೆಯ ಹಾರ ಹಾಕಿ, ಬೂದುಗುಂಬಳ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣಿಡುತ್ತಾರೆ. ಯಂತ್ರಕ್ಕೆ ಆತ್ಮವಿದೆಯೆಂದು ನಾವು ನಂಬಿರುವುದಕ್ಕೆ ಇದೇ ಸಾಕ್ಷಿಯೆಂದು ಕೆಲವರು ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ಲಾರಿಯ ಮುಂದೆ ಕೈಮುಗಿದು ನಿಂತ ಚಾಲಕನ ಮನಸ್ಸಿನಲ್ಲಿ ಎರಡು ಭಾವಗಳಿರುತ್ತವೆ. ಇದರಿಂದ ನನ್ನ ಅನ್ನ ನಡೆಯುತ್ತಿದೆ ಎಂಬುದೊಂದು. ಇದರಿಂದ ಯಾರ ಪ್ರಾಣವೂ ಹೋಗದಿರಲಿ ಎಂಬುದೊಂದು. ಗಾಲಿಯ ಕೆಳಗೆ ನಿಂಬೆಹಣ್ಣೇ ಸಾಕಾಗಲಿ, ಬೇರೇನೂ ಸಿಕ್ಕದಿರಲಿ ಎಂಬ ಆ ಎರಡನೆಯ ಪ್ರಾರ್ಥನೆ ಕಾರಿನ ಆತ್ಮವನ್ನು ಕುರಿತದ್ದಲ್ಲ, ಇತರರ ಆತ್ಮವನ್ನು ಕುರಿತದ್ದು.

ಆ ವಿದ್ಯಾರ್ಥಿ ಮತ್ತೆ ಸಿಕ್ಕಿದರೆ ನಾನು ಅವನೊಡನೆ ಜಗಳವಾಡುವುದಿಲ್ಲ. ಒಳ್ಳೆಯ ಕಾರೊಂದು ತನ್ನ ಕೈಗೆ ಮಾತನಾಡಿತೆಂದು ಅವನು ಹೇಳಿದರೆ ನಂಬುತ್ತೇನೆ. ಅದನ್ನು ಹಾಗೆ ಮಾತನಾಡಿಸಿದ ಕುಶಲಿಗಳನ್ನು ಅವನೊಡನೆ ಸೇರಿ ಮೆಚ್ಚುತ್ತೇನೆ. ಅವನೂ ಮುಂದೆ ಅಂಥ ಒಬ್ಬ ಕುಶಲಿಯಾಗಲಿ. ಆದರೆ ಆತ್ಮವೆಂಬ ಮಾತನ್ನು ಬಳಸುವಾಗ ಕಠೋಪನಿಷತ್ತಿನ ಆ ರಥವನ್ನು ಒಮ್ಮೆ ನೆನೆದುಕೊ, ಅಪ್ಪ, ಎಂದು ಹೇಳುತ್ತೇನೆ. ಅಲ್ಲಿ ಆತ್ಮ ರಥದಲ್ಲಿ ಕುಳಿತಿದೆ. ಎದುರಿನಿಂದ ಬರುವ ರಥದಲ್ಲಿಯೂ ಕುಳಿತಿದೆ. ರಥವಿಲ್ಲದೆ ರಸ್ತೆಯ ಅಂಚಿನಲ್ಲಿ ನಡೆದುಹೋಗುತ್ತಿರುವವನಲ್ಲಿಯೂ ಇದೆ.